ಕಾಯಿಸಿದ ನೀರಿನ ವಾಸನೆ

ಹತ್ತರಗಿಗೆ ಹೋಗುವ ರಸ್ತೆಯಲ್ಲಿ, ನಮ್ಮೂರ ತಿರುವಿಗೆ ಸುಲ್ತಾನಾಬಿಯ ಚಹಾದಂಗಡಿ ಇದೆ. ಗಂಡ ತೀರಿಕೊಂಡ ಮೇಲೆ ಅವಳ ಮನೆ ನಡೆಯುವುದು ಅದರಿಂದಲೇ. ಈ ಬೇಸಿಗೆಯಲ್ಲಿ ಅವಳ ಚಹಾ ಮಣ್ಣು ಮಣ್ಣಾಗಿ, ಬೂಸು ಹಿಡಿದ ಚೀಲದಂತೆ ನಾರತೊಡಗಿತು. ಪಂಚಾಯಿತಿ ಮೆಂಬರ್ ಮುರಿಗೆಪ್ಪ ಒಂದು ಗುಟುಕು ಕುಡಿದು ಎಲ್ಲರೆದುರು ಉಗುಳಿದ.

"ಪಾತೇಲಿ ತಿಕ್ಕೂದಿಲ್ಲೇನಬೇ? ಶುಕ್ರವಾರದೊಳಗ ಅಂಗಡಿ ಇಲ್ಲಿಂದ ತಗೀಬೇಕ ನೋಡು."

"ದಿನಾ ಬೂದಿ ಹಚ್ಚಿ ತಿಕ್ಕತೇನ್ರಿ. ನಳದ ನೀರ ಹಂಗ ಬರಾಕತ್ತೈತ್ರಿ."

"ನಮ್ಮ ಮನಿಗೂ ಅದ ನಳ. ನಮಗ್ಯಾಕ ವಾಸನಿ ಇಲ್ಲ?"

ಅವನ ಮನೆಯವರು ಕುಡಿಯುವುದು ಪೇಟೆಯಿಂದ ಬರುವ ಕ್ಯಾನಿನ ನೀರು, ನಳದ್ದು ಎಮ್ಮೆಗೆ. ಊರಿಗೆಲ್ಲ ಗೊತ್ತು. ಆದರೂ ಕೂತಿದ್ದ ಗಂಡಸರೆಲ್ಲ ಹೌದು ಹೌದೆಂದರು. ಅವರ ಮನೆಯ ಚಹಾ ಕೂಡ ನಾರುತ್ತಿತ್ತು. ಹೇಳಿದರೆ ತಮ್ಮ ಹೆಂಡಂದಿರ ಪಾತೇಲಿಯ ಮಾತು ಬಂದೀತೆಂದು ಬಾಯಿ ಮುಚ್ಚಿಕೊಂಡಿದ್ದರು. ಎಂಥ ಗಂಡಸರು!

ನಾನು ಕುರಿ ಕಾದು ಮುದುಕನಾದವನು, ಶಾಲೆಯಲ್ಲಿ ಎರಡನೆಯ ಇಯತ್ತೆ ದಾಟಿಲ್ಲ. ಆದರೆ ಊರ ಬಾವಿಯ ಮೇಲಿನ ಬೇವು ಕಡಿದ ವರ್ಷ ನೆನಪಿದೆ. ನೀರಿಗೆ ಬಿಸಿಲು ಬಿದ್ದು ಹಸಿರುಗಟ್ಟಿ, ಇದೇ ವಾಸನೆ ಬಂದಿತ್ತು. ತಣ್ಣಗೆ ಕುಡಿದರೆ ಕಡಿಮೆ. ಕಾಯಿಸಿದರೆ ಮೂಗಿಗೆ ಹೊಡೆಯುತ್ತಿತ್ತು.

ಮರುದಿನ ಬೆಳಿಗ್ಗೆ ಮುರಿಗೆಪ್ಪನ ಮನೆಗೆ ಹೋದೆ. ಅವನ ಹೆಂಡತಿಗೆ ಹೇಳಿ, ಅವಳದೇ ಹೊಸ ಪಾತೇಲಿಯಲ್ಲಿ ನಳದ ನೀರು ಕುದಿಯಲು ಇಡಿಸಿದೆ. ಮುಚ್ಚಳ ತೆಗೆದವಳೇ ಮೂಗಿಗೆ ಸೆರಗು ಹಿಡಿದಳು.

"ಅಯ್ಯ, ಸುಲ್ತಾನಾಬಿ ಚಾದ್ದ ವಾಸನಿ!"

ಮುರಿಗೆಪ್ಪ ನನ್ನತ್ತ ತಿರುಗಿದ. "ಅಲ್ಲಪ್ಪ ಕಾಕಾ, ಕುರಿ ಮುಟ್ಟಿದ ಕೈ ತೊಳಕೊಂಡ ಬಂದೀಯಿಲ್ಲೋ?"

"ನಾ ಪಾತೇಲಿ ಮುಟ್ಟೇ ಇಲ್ಲೋ ತಮ್ಮಾ. ನಿನ್ನ ಹೇಣ್ತಿ ಮುಟ್ಯಾಳ. ಆಕೀನೂ ಶುಕ್ರವಾರದೊಳಗ ಮನಿಯಿಂದ ತಗೀತಿಯೇನ?"

ಅವನ ಹೆಂಡತಿ ಬಿಡಲಿಲ್ಲ. ಅಂದೇ ಊರ ನಳಕ್ಕೆ ನೀರು ಬಿಡುವ ಲಖನನನ್ನು ನೀರಿನ ಟಾಕಿ ಹತ್ತಿಸಿದಳು. ವರ್ಷದಿಂದ ಅವನು ಅದನ್ನು ಹತ್ತಿಯೇ ಇರಲಿಲ್ಲ. ಮುಚ್ಚಳ ಗಾಳಿಗೆ ಹಾರಿ ಹೋಗಿದ್ದೂ ಗೊತ್ತಿರಲಿಲ್ಲ. ಒಳಗೆ ಹಸಿರು ಕೆನೆ ಕಟ್ಟಿತ್ತು. ನೀರು ಪರೀಕ್ಷೆ ಮಾಡುವ ಅನ್ನಪೂರ್ಣಾ ಬಂದು ಬಾಟಲಿಯಲ್ಲಿ ಹಿಡಿದುಕೊಂಡು ಹೋದಳು. ಎರಡು ದಿನ ಬಿಟ್ಟು ಬಂದು ಹೇಳಿದಳು:

"ಕಣ್ಣಿಗೆ ಕಾಣದ ಜೀವಿಗಳ್ರಿ ಅಜ್ಜಾ. ಬಿಸಲಿಗೆ ಬೆಳದು ಈ ವಾಸನಿ ಬಿಡತಾವ. ಪಾತೇಲಿ ತಿಕ್ಕಿದರ ಹೋಗೂದಲ್ಲ, ಟಾಕಿ ತಿಕ್ಕಸಬೇಕ್ರಿ."

ಟಾಕಿ ತೊಳೆದು ಮುಚ್ಚಳ ಹಾಕಿದರು. ಅಂಗಡಿ ಇರಲಿ ಎಂದು ಮುರಿಗೆಪ್ಪ ಲಖನನ ಕೈಲಿ ಹೇಳಿ ಕಳಿಸಿದ.

"ಎಲ್ಲಾರ ಮುಂದ ಉಗುಳ್ಯಾರ. ಎಲ್ಲಾರ ಮುಂದ ಬಂದ ಹೇಳಲಿ" ಎಂದಳು ಸುಲ್ತಾನಾಬಿ.

ಎರಡು ದಿನ ಮುರಿಗೆಪ್ಪನ ಸುಳಿವಿಲ್ಲ. ಅವನ ಹೆಂಡತಿ ಮನೆಯಲ್ಲಿ ಚಹಾ ಕಾಸುವುದನ್ನೇ ಬಿಟ್ಟಳಂತೆ. ಮೂರನೆಯ ದಿನ ಬಂದು, ಅದೇ ಗಂಡಸರ ನಡುವೆ ಕೂತು, ರಸ್ತೆಯ ಕಡೆ ನೋಡುತ್ತ ಹೇಳಿದ:

"ಚಾ ಚಲೋ ಐತಿ."

"ಇನ್ನಾ ಹಾಕೇ ಇಲ್ರಿ, ಮೆಂಬರ್ ಸಾಹೇಬ್ರ" ಎಂದಳು ಸುಲ್ತಾನಾಬಿ.