ಇಪ್ಪತ್ತು ನಿಮಿಷ ಕಾಲೆತ್ತುವಂತಿಲ್ಲ

"ಸ್ಟಾರ್ಟ್ ಆದ ಮೇಲೆ ಇಪ್ಪತ್ತು ನಿಮಿಷ ಕಾಲು ಎತ್ತೋ ಹಾಗಿಲ್ಲ ಅಕ್ಕಾ. ಮೀಟರಿನ ಮುಳ್ಳು ಎರಡು ಸಾವಿರಕ್ಕಿಂತ ಕೆಳಗಿಳಿದ್ರೆ ಎಂಜಿನ್ನಿಗೆ ಹಾಕಿರೋ ಹೊಸ ಕ್ಯಾಮ್‌ಶಾಫ್ಟ್ ಇವತ್ತೇ ಸವೆದುಹೋಗುತ್ತೆ" ಎಂದ ಮೆಕ್ಯಾನಿಕ್. ಅವನು ಅವಳ ತಂಗಿಯ ಗಂಡ. ವ್ಯಾನು ಅಕ್ಕನ ಲಾಂಡ್ರಿಯದು. ಅವನ ಎರಡೂ ಕೈ ಬಾನೆಟ್ಟಿನೊಳಗೆ ಬೇಕಾಗಿದ್ದರಿಂದ ಆಕ್ಸಿಲರೇಟರ್ ತುಳಿಯಲು ಅಕ್ಕನೇ ಕುಳಿತಿದ್ದಳು. ಕುಳ್ಳಗಿದ್ದ ಅವಳಿಗೆ ಪೆಡಲ್ ಎಟುಕಲೆಂದು ಬೆನ್ನ ಹಿಂದೆ, ಅವಳು ಕೇಳುವ ಮೊದಲೇ, ಅವನು ಒಂದು ದಿಂಬು ಇಟ್ಟಿದ್ದ.

ಎಂಜಿನ್ ಅಬ್ಬರಿಸಿತು. ಮುಳ್ಳು ಎರಡು ಸಾವಿರ ದಾಟಿ ನಿಂತಿತು. ಆಗಲೇ ತಂಗಿ ಪಕ್ಕದ ಸೀಟಿಗೆ ಹತ್ತಿ, ಬಾಗಿಲೆಳೆದುಕೊಂಡಳು.

ತಂಗಿ ಯಾವ ಮಾತೆತ್ತುತ್ತಾಳೆಂದು ಅಕ್ಕನಿಗೆ ಗೊತ್ತಿತ್ತು. ಆರು ತಿಂಗಳಿಂದ ಈ ಮಾತಿಗೆ ಸಿಗದೆ ಓಡಾಡಿದ್ದಳು. ಒಮ್ಮೆ ಒಲೆ ಮೇಲೆ ಹಾಲಿದೆ ಎಂದು, ಒಮ್ಮೆ ಗಿರಾಕಿ ಬಂದರೆಂದು.

"ಅಮ್ಮನ್ನ ಮೂರು ತಿಂಗಳು ನನ್ನ ಹತ್ರ ಕಳಿಸು" ಎಂದು ತಂಗಿ ಎಂಜಿನ್ನಿನ ಸದ್ದನ್ನು ಮೀರಿ ಕೂಗಿದಳು.

"ಇದೇನು ಮಾತಾಡೋ ಹೊತ್ತಾ?"

"ಇದೇ ಹೊತ್ತು. ಈಗ ಎದ್ದು ಹೋಗು, ನೋಡೋಣ."

ಅಕ್ಕ ಮುಳ್ಳಿನಿಂದ ಕಣ್ಣು ಕೀಳಲಿಲ್ಲ. ಸುಟ್ಟ ಎಣ್ಣೆಯ ವಾಸನೆ, ಕಾಲಡಿಯಿಂದ ಏರುವ ಸೆಕೆ.

"ಹಾಸಿಗೆ ಹಿಡಿದೋಳ್ನ ನಾಲ್ಕು ವರ್ಷದಿಂದ ಒಬ್ಬಳೇ ನೋಡ್ಕೋತಿದ್ದೀಯ. ಕನ್ನಡೀಲಿ ಮುಖ ನೋಡ್ಕೊಂಡಿದ್ದೀಯಾ?"

"ಕನ್ನಡಿ ಹೆದರ್ಕೊಂಡೀತು ಅಂತ ಬಿಟ್ಟಿದ್ದೀನಿ."

ತಂಗಿ ನಗಲಿಲ್ಲ.

ಹನ್ನೆರಡನೇ ನಿಮಿಷಕ್ಕೆ ಅಕ್ಕನ ಮೀನಖಂಡ ಗಂಟು ಕಟ್ಟಿತು. ಮುಳ್ಳು ಅದುರಿತು. "ಅಕ್ಕಾ, ಇಳೀತಿದೆ!" ಎಂದು ಮುಂದಿನಿಂದ ಕೂಗು ಬಂತು. ತಂಗಿ ಚಪ್ಪಲಿ ಕೊಡವಿ, ಉದ್ದಕ್ಕೆ ಕಾಲು ಚಾಚಿ, ಅಕ್ಕನ ಪಾದದ ಪಕ್ಕದಲ್ಲೇ ಪೆಡಲ್ ತುಳಿದಳು.

"ನಿಧಾನಕ್ಕೆ ತೆಗಿ. ನಾನು ಹಿಡ್ಕೊಂಡಿದ್ದೀನಿ."

ಅಕ್ಕ ಕಾಲೆಳೆದುಕೊಂಡಳು. ಮುಳ್ಳು ಅಲುಗಲಿಲ್ಲ. ಈಗ ಬೇಕಿದ್ದರೆ ಇಳಿದು ಹೋಗಬಹುದಿತ್ತು. ಬಾಗಿಲ ಹಿಡಿಕೆಯ ಮೇಲೆ ಕೈಯನ್ನೂ ಇಟ್ಟಳು. ತಂಗಿ ಸೊಟ್ಟಗೆ ಬಾಗಿದಂತೆಯೇ, ಒಂದು ಕೈಯಿಂದ ಅಕ್ಕನ ಮೀನಖಂಡ ತಿಕ್ಕತೊಡಗಿದ್ದಳು.

"ಅವಳನ್ನ ಕಳಿಸಿಬಿಟ್ರೆ," ಎಂದಳು ಅಕ್ಕ, "ಬೆಳಗ್ಗೆ ಎದ್ದು ನಾನೇನು ಮಾಡ್ಲಿ?"

"ಏನು? ಕೇಳಿಸ್ಲಿಲ್ಲ!"

ಇನ್ನೊಮ್ಮೆ ಹೇಳುವ ಧೈರ್ಯ ಬರಲಿಲ್ಲ. ಅಕ್ಕ ಕಣ್ಣೊರೆಸಿಕೊಂಡು, ತಂಗಿಯ ಕಿವಿಯ ಹತ್ತಿರ ಕಿರುಚಿದಳು. "ಒಂದು ತಿಂಗಳು! ಮೂರಲ್ಲ! ಎರಡು ಗಂಟೆಗೊಮ್ಮೆ ಮಗ್ಗಲು ತಿರುಗಿಸ್ಬೇಕು. ಎಡಗಡೆಗೆ ತಿರುಗಿಸಿದ್ರೆ ಬೈತಾಳೆ, ಬೈಸ್ಕೋ. ಗಂಜಿ ತೆಳ್ಳಗಿರ್ಬೇಕು..."

ಮೆಕ್ಯಾನಿಕ್ ಗಡಿಯಾರ ನೋಡಿ, ಕಿಟಕಿಯೊಳಗೆ ಕೈ ಹಾಕಿ ಕೀಲಿ ತಿರುಗಿಸಿದ. ಎಂಜಿನ್ ನಿಂತಿತು.

"...ರಾತ್ರಿ ದೀಪ ಆರಿಸ್ಬೇಡ, ಅವಳಿಗೆ ಭಯ ಆಗುತ್ತೆ!"

ಗ್ಯಾರೇಜಿನ ತುಂಬ ಅವಳ ದನಿಯೊಂದೇ. ಮೆಕ್ಯಾನಿಕ್ ತಲೆ ಎತ್ತದೆ, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಳ್ಳುತ್ತಿದ್ದ.

"ಮೊದಲಿಂದ ಹೇಳಕ್ಕಾ," ಎಂದಳು ತಂಗಿ ಮೆಲ್ಲಗೆ. "ಬರ್ಕೋತೀನಿ."