ಹತ್ತನೇ ಅಂತಸ್ತಿನ ತೂತು

ಮಕಾಸ್ಸರ್‌ನ ಕಡಲ ದಂಡೆಯಲ್ಲಿ ಎದ್ದ ಹೊಸ ಗೋಪುರದ ಹತ್ತನೇ ಅಂತಸ್ತಿಗೆ ಕೊನೆಯ ಗಾಜು ಕೂರಿಸಿ ಶಂಶೀರ್ ಬೆವರು ಒರೆಸಿಕೊಳ್ಳುತ್ತಿದ್ದಾಗ ಹೆಂಡತಿ ಹಸ್ನಾಳ ಫೋನ್ ಬಂತು.

"ರೀ, ಬಂಡೆ ಕಟ್ಟೆಯ ತುದೀಲಿ ನಿಂತಿದೀನಿ. ಕತ್ತಲಾಯ್ತು, ಅಪ್ಪನ ದೋಣಿ ಇನ್ನೂ ಬಂದಿಲ್ಲ. ಮಸೀದಿ ದೀಪಾನೇ ಕಾಣಿಸ್ತಿಲ್ಲ!"

ಶಂಶೀರ್ ಗಾಜಿನತ್ತ ತಿರುಗಿದ. ಕಡಲು ತುಂಬಿಸಿ ನೆಲ ಮಾಡಿದವರು ದೋಣಿಗಳಿಗೆಂದು ಬಂಡೆಗಳ ನಡುವೆ ಉಳಿಸಿದ್ದು ಒಂದೇ ಒಂದು ಸಂದು. ಕಟ್ಟೆಯ ಕೆಂಪು ದೀಪದ ನೆತ್ತಿಗೆ ಮಸೀದಿಯ ಮಿನಾರಿನ ಹಸಿರು ದೀಪ ಬಂದರೆ ದಾರಿ ಸರಿ, ತಪ್ಪಿದರೆ ದೋಣಿ ಪುಡಿಪುಡಿ. ನಡುವೆ ಗೋಪುರ ಎದ್ದ ಮೇಲೂ ಈ ಅಂತಸ್ತು ಮುಂದೆ ಹಿಂದೆ ಬಯಲಾಗಿದ್ದುದರಿಂದ ಹಸಿರು ದೀಪ ಅದರೊಳಗಿಂದ ತೂರಿ ಕಾಣುತ್ತಿತ್ತು. ಹಿಂಬದಿ ಈಗಲೂ ಬಯಲೇ. ಮುಂಬದಿಯನ್ನು ಶಂಶೀರ್ ಈಗಷ್ಟೇ, ದೂರದ ದೀಪ ತೂರದ ಕಪ್ಪು ಗಾಜಿನಿಂದ, ತನ್ನ ಕೈಯಾರೆ ಮುಚ್ಚಿದ್ದ.

ಬೆಳಿಗ್ಗೆ ಮಾವ ದಾಯೆಂಗ್ ತೊಜೆಂಗ್ ಹೇಳಿದ್ದರು: "ಲೋ ಬಳೆಗಾರ, ನಿನ್ನ ಗಾಜಿನ ಬೆಟ್ಟದಲ್ಲಿ ನನಗೂ ಒಂದು ತೂತು ಬಿಡೋ." ಅಳಿಯ ದೋಣಿ ಬಿಟ್ಟು ಗಾಜು ಹಿಡಿದಂದಿನಿಂದ ಆ ನಾಲಿಗೆಗೆ ಬಿಡುವೇ ಇರಲಿಲ್ಲ. ಇದೂ ಅಂಥದೇ ಚುಚ್ಚುಮಾತೆಂದು ಶಂಶೀರ್ ನಕ್ಕು ಬಂದಿದ್ದ. ಅವರು ಸತ್ತರೂ ಅಳಿಯನೆದುರು ಅಂಗಲಾಚುವವರಲ್ಲ. ಅದು ಅವರು ಬೇಡುವ ರೀತಿಯೆಂದು ಈಗ ಹೊಳೆಯಿತು.

"ಮಾವನಿಗೆ ಫೋನ್ ಮಾಡು!"

"ಫೋನ್ ಇದ್ರೆ ಮೀನು ಓಡಿಹೋಗುತ್ತಂತೆ. ಮನೇಲೇ ಬಿಟ್ಟಿದಾರೆ. ಮಳೆ ಬೇರೆ ಶುರುವಾಯ್ತು."

ಶಂಶೀರ್ ಟಾರ್ಚನ್ನು ಗಾಜಿಗೆ ಹಿಡಿದ. ನಾಳಿನ ಉದ್ಘಾಟನೆಗೆಂದು ಗೋಪುರದ ಮೈತುಂಬ ದೀಪ ಹಚ್ಚಿದ್ದರು. ಆ ಜಾತ್ರೆಯಲ್ಲಿ ಇವನ ಟಾರ್ಚು ಯಾರಿಗೆ ಕಾಣಬೇಕು? ಹಸಿರು ದೀಪವೊಂದೇ ಬೇರೆಯಾಗಿ ಕಾಣುವಂಥದು.

"ಸಾಂಪೆ, ಬಾರೋ! ಗಾಜು ತೆಗೀಬೇಕು. ಅಂಟು ಇನ್ನೂ ಹಸಿ ಇದೆ."

ಜೊತೆ ಕೆಲಸದ ಸಾಂಪೆ ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ರುಸ್ಲಿ ಅಡ್ಡ ಬಂದ.

"ತಲೆ ಕೆಟ್ಟಿದೆಯೇನೋ? ನಾಳೆ ದೊಡ್ಡವರೆಲ್ಲ ಬರ್ತಾರೆ. ಮುಟ್ಟಿದ್ರೆ ಸೊಂಟದ ಸೇಫ್ಟಿ ಬೆಲ್ಟು ಬಿಚ್ಚಿಟ್ಟು ಮನೆಗೆ ಹೋಗ್ತಾ ಇರು."

"ನಮ್ಮ ಮಾವ ಹೊರಗಿದಾರೆ, ಮೇಸ್ತ್ರಿ."

"ನಿನ್ನ ಮಾವ ನಿನ್ನನ್ನ ಬೈಯೋದು ಊರಿಗೇ ಗೊತ್ತು!"

"ಬೈಯೋಕಾದ್ರೂ ಅವರು ಬದುಕಿರಬೇಕಲ್ಲ!" ಶಂಶೀರ್ ಕೂಗಿಬಿಟ್ಟ.

ಆಮೇಲೆ ಅವನು ಯಾರನ್ನೂ ಕೇಳಲಿಲ್ಲ. ಅಂಟಿನ ಸುತ್ತ ಚಾಕು ಎಳೆದು, ಗಾಜು ಹಿಡಿಯುವ ರಬ್ಬರ್ ಬಟ್ಟಲನ್ನು ಒತ್ತಿ ಜಗ್ಗಿದ. ಒಬ್ಬನ ಕೈಗೆ ಬಗ್ಗುವ ಭಾರವಲ್ಲ. ಗಾಜು ಹೊರಕ್ಕೆ ವಾಲಿತು. ಅಷ್ಟರಲ್ಲಿ ಇನ್ನೊಂದು ಬದಿಗೆ ಸಾಂಪೆಯ ಕೈ ಬಿತ್ತು. ಇಬ್ಬರೂ ಹಲ್ಲು ಕಚ್ಚಿ ಗಾಜನ್ನು ಒಳಗೆಳೆದು ಗೋಡೆಗೆ ಒರಗಿಸಿದರು.

ಗಾಳಿ, ಮಳೆ ಒಟ್ಟಿಗೆ ನುಗ್ಗಿದವು. ಶಂಶೀರ್ ತೂತಿನಲ್ಲಿ ನಿಂತು ಕಪ್ಪು ನೀರಿನತ್ತ ಕತ್ತು ಚಾಚಿದ.

"ಹಸ್ನಾ, ಕಾಣ್ತಾ?"

"ಇಲ್ಲ! ಅಪ್ಪನ ಇಂಜಿನ್ ಕೇಳಿಸ್ತಿದೆ. ಬಂಡೆ ಕಡೆಗೇ ಬರ್ತಿದಾರೆ! ದೀಪದ ಜಾಗದಲ್ಲಿ ಏನೋ ಕರ‍್ರಗೆ ನಿಂತಿದೆ... ರೀ, ಅದು ನೀವೇ! ಪಕ್ಕಕ್ಕೆ ಹೋಗ್ರೀ!"

ಅವನು ಕಂಬದ ಹಿಂದೆ ಹಾರಿ ಕುಕ್ಕರಿಸಿದ. ಈಗ ಕಡಲು ಕಾಣುತ್ತಿರಲಿಲ್ಲ. ಕಿವಿಗೊತ್ತಿದ ಫೋನಿನಲ್ಲಿ ಮಳೆಯ ಸದ್ದು, ಇಂಜಿನ್ನಿನ ಗುಡುಗುಡು, ಹಸ್ನಾಳ ಉಸಿರು. ಇಂಜಿನ್ ಗಕ್ಕನೆ ನಿಂತಿತು. ಅವನಿಗೆ ದೇವರ ಹೆಸರೂ ನೆನಪಾಗಲಿಲ್ಲ.

"ದೀಪ ಕಂಡಿತು! ಮತ್ತೆ ಇಂಜಿನ್ ಹಚ್ಚಿ ತಿರುಗಿಸಿದ್ರು ರೀ... ಬಂದ್ರು! ಒಳಗೆ ಬಂದ್ರು!" ಹಸ್ನಾ ಅಳುತ್ತಿದ್ದಳು.

ಶಂಶೀರನೂ ಅತ್ತ. ಸಾಂಪೆಯ ಮುಂದೆ, ಮೇಸ್ತ್ರಿಯ ಮುಂದೆ, ನಾಚಿಕೆಯಿಲ್ಲದೆ ಅತ್ತ. ಆಮೇಲೆ ಬೆಲ್ಟು ಬಿಚ್ಚಿ ಮೇಸ್ತ್ರಿಯ ಕೈಗಿಟ್ಟ. ರುಸ್ಲಿ ಅದನ್ನು ತೆಗೆದುಕೊಂಡ, ಆದರೆ ತಲೆಯೆತ್ತಲಿಲ್ಲ.

ಫೋನಿನಲ್ಲಿ ಮಾವನ ದನಿ ಬಂತು. "ಲೋ ಬಳೆಗಾರ, ಕೇಳಿಸ್ತಾ? ತೂತನ್ನ ನಾಳೆ ಮುಚ್ತಾರಾ?"

"ಮುಚ್ತಾರೆ ಮಾವ. ನಾನಲ್ದಿದ್ರೆ ಇನ್ನೊಬ್ಬ."

ಈ ಸಲ ಮುದುಕನ ದನಿಯಲ್ಲಿ ಚುಚ್ಚು ಇರಲಿಲ್ಲ.

"ಹಾಗಿದ್ರೆ ಬೆಳಿಗ್ಗೆ ದೋಣಿಗೆ ಬಾರಪ್ಪ. ಬೇರೆ ಗುರುತು ಹುಡುಕ್ಬೇಕು. ನನ್ನ ಕಣ್ಣೊಂದೇ ಸಾಲಲ್ಲ."