ಮುಂದಿನ ಕೋಣೆಯ ಮರ್ಯಾದೆ

ನೆಸ್ಟಾಳ ಮಂಡಿ ಆಪರೇಷನ್ನಿಗೆ ಆಸ್ಪತ್ರೆಯವರು ಮೂರನೇ ಸಲ ದಿನ ಗೊತ್ತುಮಾಡಿದ್ದರು. ಮೊದಲಿನ ಎರಡನ್ನು ಅವಳೇ ಬಿಟ್ಟಿದ್ದಳು. ಅಣ್ಣ ಇದ್ವಲ್‌ನನ್ನು ಯಾರಿಗೆ ಒಪ್ಪಿಸಿ ಹೋಗುವುದು? ಆರು ವರ್ಷದಿಂದ ಅವನಿಗೆ ಅರಳುಮರಳು. ಉಣಿಸುವುದು, ತೊಳೆಯುವುದು, ಬಾಗಿಲು ತೆಗೆದು ಗುಡ್ಡ ಹತ್ತಿದರೆ ಹುಡುಕಿ ತರುವುದು, ಎಲ್ಲ ಅವಳದೇ. ಆರು ವಾರದ ಮಟ್ಟಿಗೆ ಯಾರನ್ನಾದರೂ ಕಳಿಸಿ ಎಂದು ಈ ಸಲ ಕೌನ್ಸಿಲ್ಲಿಗೆ ಬರೆದಳು. ಮನೆ ನೋಡಿ ತೀರ್ಮಾನಿಸಲು ಒಬ್ಬರು ಬರುತ್ತಾರೆ ಎಂದು ಉತ್ತರ ಬಂತು.

ನಾನು ಕಣಿವೆಯ ಆಚೆ ಮಗ್ಗುಲಿನವಳು. ಅವರು ಬರುವ ಹಿಂದಿನ ದಿನ ನೆಸ್ಟಾಳ ಮನೆಗೆ ಹೋದಾಗ ಅಡುಗೆಮನೆಯ ಒಲೆಯ ಪಕ್ಕ ಅವನ ಮಂಚ, ಕುರ್ಚಿಯ ಮೇಲೆ ಒದ್ದೆ ಹಾಸುಬಟ್ಟೆ, ಗೋಡೆಯ ಮೇಲೆ ಅವನು ಎಸೆದ ಗಂಜಿ.

"ಅಯ್ಯೋ, ಸರ್ಕಾರದವರು ಬರೋ ಮನೆಯೇನೇ ಇದು? ನಿಮ್ಮಮ್ಮ ಇದ್ದಿದ್ರೆ ಏನಂತಿದ್ರು?" ಅಂದೆ.

ನಮ್ಮ ವೇಲ್ಸ್‌ನ ಗುಡ್ಡಗಳಲ್ಲಿ ಹೊರಗಿನವರನ್ನು ಅಡುಗೆಮನೆಗೆ ಕರೆಯುವುದಿಲ್ಲ. ಪಾದ್ರಿ ಬಂದರೂ ಮುಂದಿನ ಕೋಣೆಯೇ. ವರ್ಷಕ್ಕೆ ನಾಲ್ಕು ಸಲ ತೆರೆಯುವ ಅದನ್ನು ಇಬ್ಬರೂ ಉಜ್ಜಿ ತೊಳೆದೆವು. ಮರುದಿನ ಬೆಳಿಗ್ಗೆ ನೆಸ್ಟಾ ಇದ್ವಲ್‌ನ ಗಡ್ಡ ಹೆರೆದು, ಭಾನುವಾರದ ಕೋಟು ತೊಡಿಸಿ, ಅಲ್ಲಿ ಕೂರಿಸಿದಳು.

ಕೌನ್ಸಿಲ್ಲಿನಿಂದ ಬಂದವಳು ಲೌರಿ ಅಂತ, ಸಣ್ಣ ವಯಸ್ಸು.

"ಯಾರ ಪೈಕಿ ಮಗಳೇ ನೀನು?" ಇದ್ವಲ್ ನೆಟ್ಟಗೆ ಕೂತು ಕೇಳಿದ.

"ಹಾವೆಲ್ ಮೊಮ್ಮಗಳು. ಕಲ್ಲುಗಣಿ ಹತ್ತಿರದವರು."

"ಹಾವೆಲ್ ಮೊಮ್ಮಗಳಾ! ಅವನ ಟಗರು ನಮ್ಮ ಬೇಲಿ ಹಾರಿ, ಆ ವರ್ಷ ನನ್ನ ಅರ್ಧ ಮರಿಗಳಿಗೂ ಅದೇ ಮೂತಿ."

"ಟಗರಿನ ಮೂತಿನಾ, ತಾತಂದಾ?"

"ಎರಡರಲ್ಲಿ ಏನಮ್ಮ ವ್ಯತ್ಯಾಸ!"

ಹುಡುಗಿ ಬಿದ್ದು ಬಿದ್ದು ನಕ್ಕಳು. ಹಿಂದಿನ ಸಂಜೆ ತಾನೇ ಅವನು ನೆಸ್ಟಾಳನ್ನು ಕಳ್ಳಿ ಎಂದು ಬೈದು ಊರುಗೋಲು ಬೀಸಿದ್ದ. ಹೊಸ ಮುಖ ಕಂಡರೆ ಒಂದು ಗಂಟೆ ಹೀಗೆ ಹಳೆಯ ಇದ್ವಲ್ ಎದ್ದು ಬರುತ್ತಾನೆ. ನೆಸ್ಟಾ ಚಹಾ ಬಗ್ಗಿಸುತ್ತ ಅವನನ್ನೇ ನೋಡುತ್ತಿದ್ದಳು.

"ದಿನಕ್ಕೆ ಎಷ್ಟು ಹೊತ್ತು ನೋಡ್ಕೋತೀರಿ, ನೆಸ್ಟಾ?"

"ಸ್ನಾನಕ್ಕೆ ಒಂದು ಗಂಟೆ ಅನ್ನಿ... ಊಟಕ್ಕೆ ಒಂದಿಷ್ಟು. ಮಿಕ್ಕ ಹೊತ್ತು ಸುಮ್ಮನೆ ಮನೇಲಿರ್ತೀನಿ."

"ಇವಳೇನು ನೋಡ್ಕೊಳ್ಳೋದು? ಇವಳನ್ನ ಸಾಕ್ತಿರೋನು ನಾನು," ಅಂದ ಇದ್ವಲ್.

ಲೌರಿ ಬರೆದುಕೊಂಡಳು. "ನೆರೆಹೊರೆಯವರು?"

"ಕೂಗಿದ್ರೆ ಇಡೀ ಕಣಿವೆ ಬರುತ್ತೆ," ಅಂದಳು ನೆಸ್ಟಾ.

ಸುಳ್ಳೇನಲ್ಲ. ಉಣ್ಣೆ ಕತ್ತರಿಸುವ ದಿನ ಎಲ್ಲರೂ ಬರುತ್ತೇವೆ. ಲೌರಿ ಪಕ್ಕದಲ್ಲೇ ಕೂತಿದ್ದ ನನ್ನ ಕಡೆ ತಿರುಗಿದಳು. ಹೊರಗಿನವಳ ಮುಂದೆ ಇಲ್ಲ ಅನ್ನುವುದು ಹೇಗೆ? ಹೌದೆಂದು ತಲೆಯಾಡಿಸಿದೆ.

ಎರಡು ವಾರಕ್ಕೆ ಕೌನ್ಸಿಲ್ಲಿನ ಕಾಗದ ಬಂತು. ನಾನು ಮೊಟ್ಟೆಗೆಂದು ಹೋಗಿದ್ದೆ. ಅಡುಗೆಮನೆಯಲ್ಲಿ ನಿಂತು ನೆಸ್ಟಾ ಗಟ್ಟಿಯಾಗಿ ಓದಿದಳು: ಮನೆಯವರಿಂದಲೂ ನೆರೆಯವರಿಂದಲೂ ಅಗತ್ಯವಿದ್ದಷ್ಟು ಆರೈಕೆ ಸಿಗುತ್ತಿದೆ, ಬೇರೆಯವರನ್ನು ಕಳಿಸುವ ಅಗತ್ಯ ಕಾಣುವುದಿಲ್ಲ, ನಿಮ್ಮ ಸೇವೆ ಅಮೂಲ್ಯವಾದದ್ದು.

ಆಮೇಲೆ ಆಸ್ಪತ್ರೆಗೆ ಫೋನು ಹಚ್ಚಿ, "ಆ ದಿನ ಬೇರೆಯವರಿಗೆ ಕೊಟ್ಬಿಡಿ," ಅಂದಳು. ಮತ್ತೆ ಕರೆಯುವುದಿಲ್ಲವೆಂದು ಅತ್ತಲಿಂದ ಹೇಳಿರಬೇಕು. "ಆಯ್ತು, ಬೇಡ," ಅಂದು ಇಟ್ಟಳು.

"ಎಂಥಾ ನೆರೆಯವರಿದ್ದಾರೆ ನೋಡು ನನಗೆ. ಕಾಗದದಲ್ಲೇ ಇದೆ," ಅಂದಳು, ಮೊಟ್ಟೆಗಳನ್ನು ಒಂದೊಂದಾಗಿ ನನ್ನ ಬುಟ್ಟಿಗೆ ಇಡುತ್ತ.

"ನಮ್ಮಲ್ಲಿ ಈಗ ಕುರಿ ಮರಿ ಹಾಕೋ ಕಾಲ ಕಣೆ, ರಾತ್ರಿನೂ ಕೊಟ್ಟಿಗೆ ಬಿಟ್ಟು ಬರೋ ಹಾಗಿಲ್ಲ," ಅಂದೆ.

"ಗೊತ್ತು," ಅಂದಳು.